ಕೆನ್ನೆಯೇಟಿನ ಸದ್ದು

ನಾಟಕದಲ್ಲಿ ಕೆನ್ನೆಗೆ ಹೊಡೆಯುವ ಕೆಲಸವನ್ನು ಮೂರು ಜನ ಸೇರಿ ಮಾಡುತ್ತಾರೆ. ಒಬ್ಬ ಕೈ ಬೀಸುತ್ತಾನೆ. ಅವನ ಬೆರಳು ಕೆನ್ನೆಗೆ ತಾಗದೆ ಒಂದು ಗೇಣು ಆಚೆಯೇ ಹಾದುಹೋಗುತ್ತದೆ. ಒಬ್ಬಳು ಮುಖ ತಿರುಗಿಸಿ ತತ್ತರಿಸುತ್ತಾಳೆ. ಮೂರನೆಯವರು ಪ್ರೇಕ್ಷಕರಿಗೆ ಕಾಣದ ಹಾಗೆ ಸೈಡ್‌ವಿಂಗಿನ ಕತ್ತಲಲ್ಲಿ ನಿಂತು ಅಂಗೈಗೆ ಅಂಗೈ ತಟ್ಟುತ್ತಾರೆ. ನಮ್ಮ ತಂಡದಲ್ಲಿ ಆ ಮೂರನೆಯವಳು ನಾನು.

ಹಗಲಿಗೆ ನನಗೆ ಬೇರೆ ಕೆಲಸವಿದೆ. ಶಾಲಾಪುಸ್ತಕ ಅಚ್ಚು ಹಾಕುವ ಕಚೇರಿಯೊಂದರಲ್ಲಿ ಕರಡು ತಿದ್ದುತ್ತೇನೆ. ಸಂಜೆ ಆದಮೇಲೆ, ವಾರದ ಕೊನೆಯಲ್ಲಿ ಹಗಲೂ, ಸೈಡ್‌ವಿಂಗಿನ ನನ್ನ ಸದ್ದಿನ ಮೇಜಿನ ಮುಂದೆ ನಿಲ್ಲುತ್ತೇನೆ. ಮೇಜಿನ ಮೇಲೆ ಚಿಲಕವಿರುವ ಪುಟ್ಟ ಬಾಗಿಲಿನ ಚೌಕಟ್ಟು, ಹೆಜ್ಜೆ ಸಪ್ಪಳಕ್ಕೆ ಜಲ್ಲಿ ತುಂಬಿದ ಟ್ರೇ, ಹಳೆಯ ಟೆಲಿಫೋನಿನ ಗಂಟೆ, ಟೀ ಕುಡಿಯುವ ಕಪ್ಪು-ಬಸಿ, ಗುಡುಗಿಗೆ ಉದ್ದನೆಯ ತಗಡು. ಇವೆಲ್ಲ ಸದ್ದುಗಳು ಈಗ ಕಂಪ್ಯೂಟರಿನಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ನಮ್ಮ ಮೇಷ್ಟ್ರು ಒಪ್ಪುವುದಿಲ್ಲ. ಅವರು ನಿರ್ದೇಶಕರು, ಅದಕ್ಕೆ ಮೊದಲು ಬಹಳ ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು.

"ಯಂತ್ರಕ್ಕೆ ಕಣ್ಣಿದೆಯೇನಮ್ಮಾ? ನಟನ ಕೈ ಒಂದು ದಿನ ಬೇಗ ಬರುತ್ತೆ, ಒಂದು ದಿನ ತಡ. ನೀನು ಕೈ ನೋಡ್ಕೊಂಡು ತಟ್ಟಬೇಕು. ಬೇರೆ ಏನನ್ನೂ ನೋಡಬಾರದು. ರಂಗದ ಮೇಲೆ ಬೆಂಕಿ ಬಿದ್ದರೂ ಕೈಯನ್ನೇ ನೋಡು."

ಅದೊಂದೇ ನಿಯಮ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಮೀರಿರಲಿಲ್ಲ.

ಆ ವರ್ಷದ ನಾಟಕದಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಬಾಡಿಗೆ ಮನೆ. ಮೂರನೆಯ ದೃಶ್ಯದಲ್ಲಿ ಬೀಗದಕೈ ಕಳೆದದ್ದಕ್ಕೆ ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ. ಇಡೀ ನಾಟಕದಲ್ಲಿ ಒಂದೇ ಒಂದು ಏಟು. ಮುಂದಿನದೆಲ್ಲ ಅದರ ಮೇಲೆ ನಿಂತಿತ್ತು.

ಗಂಡನ ಪಾತ್ರ ಮಾಡುತ್ತಿದ್ದವರು ಹಲ್ಲಿನ ಡಾಕ್ಟರು. ಎತ್ತರದ ಆಳು, ಗಡಸು ದನಿ, ಆದರೆ ಇರುವೆಯ ಮೇಲೂ ಕಾಲಿಡದ ಜೀವ. ತಾಲೀಮಿನಲ್ಲಿ ಪ್ರತಿಸಲ ಕೈ ಬೀಸಿದ ಮೇಲೂ "ಸಾರಿ ಮಗೂ" ಎನ್ನುತ್ತಿದ್ದರು. ಹೆಂಡತಿಯ ಪಾತ್ರದ ಹುಡುಗಿಯನ್ನು ನಾವೆಲ್ಲ ಕರೆಯುವುದು ಸೂಜಿ ಅಂತ. ತೆಳ್ಳಗಿದ್ದಾಳೆ, ಮಾತು ಚುಚ್ಚುತ್ತದೆ. ಬ್ಯಾಂಕಿನಲ್ಲಿ ಕೆಲಸ.

"ಡಾಕ್ಟ್ರೇ, ಹೊಡೆದು ಸಾರಿ ಕೇಳೋ ಗಂಡ ನನಗೆ ಬೇಡ. ಹೊಡೀರಿ, ಇಲ್ಲಾ ಹಲ್ಲು ಕೀಳಿ, ಎರಡರಲ್ಲಿ ಒಂದು ಮಾಡಿ."

"ಹಲ್ಲು ಕೀಳೋವಾಗ ಇಷ್ಟು ಕೈ ನಡುಗಲ್ಲಮ್ಮ ನನಗೆ."

"ಅಲ್ಲಿ ಇಂಜೆಕ್ಷನ್ ಕೊಟ್ಟಿರ್ತೀರಲ್ಲ."

ಸೂಜಿ ಒಳ್ಳೆಯ ನಟಿ. ಆದರೆ ಈ ಏಟು ಮಾತ್ರ ಅವಳಿಗೆ ಒಲಿಯಲಿಲ್ಲ. ಡಾಕ್ಟರ ಕೈ ಬರುತ್ತಿತ್ತು, ನಾನು ತಟ್ಟುತ್ತಿದ್ದೆ, ಆ ಮೇಲೆ ಅವಳು ಬೆಚ್ಚುತ್ತಿದ್ದಳು. ಕೂದಲೆಳೆಯಷ್ಟು ತಡ. ಆದರೆ ನೋಡುವವರಿಗೆ ಸುಳ್ಳು ಎಂದು ತಿಳಿಯುತ್ತಿತ್ತು. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹೇಳಿಕೊಟ್ಟರು, ಗದರಿದರು, ಕೊನೆಗೆ ತಾವೇ ಬಿದ್ದು ತೋರಿಸಲು ಹೋಗಿ ಸೊಂಟ ಹಿಡಿದುಕೊಂಡು ಎದ್ದರು.

"ಅವಳಿಗೆ ಮನೇಲಿ ಯಾರೂ ಒಂದೇಟು ಹಾಕಿಲ್ಲ, ಅದೇ ತೊಂದರೆ. ಮುದ್ದು ಜಾಸ್ತಿ," ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದಿದ್ದರೆ ಯಾರಾದರೂ ತಿರುಗಿ ನೋಡುತ್ತಾರೆ.

ಮೇಷ್ಟ್ರು ತಮಾಷೆಗೆ ಹೇಳಿದ್ದು ನಿಜವಾಗಿತ್ತು. ಏಟನ್ನು ಬರೀ ಕೇಳಿದವರು ಸದ್ದಾದ ಮೇಲೆ ಬೆಚ್ಚುತ್ತಾರೆ. ತಿಂದವರು ಸದ್ದಿಗೆ ಕಾಯುವುದಿಲ್ಲ. ಕೈ ಮೇಲೇಳುವ ಮೊದಲೇ ಹೊಡೆಯುವವನ ಉಸಿರು ಬದಲಾಗುತ್ತದೆ. ಮೂಗಿನಿಂದ ಒಂದು ಸಲ, ಚುಟುಕಾಗಿ, ಗಾಳಿ ಎಳೆದುಕೊಳ್ಳುತ್ತಾನೆ. ಆ ಉಸಿರಿಗೇ ಗದ್ದ ಹೆಗಲಿಗೆ ಹೋಗಿ ಸೇರುತ್ತದೆ, ಆ ಕಡೆಯ ಹೆಗಲು ಏಳುತ್ತದೆ, ಕಣ್ಣು ಮುಚ್ಚುತ್ತದೆ. ಇದನ್ನು ನಾನು ಯಾವ ತಾಲೀಮಿನಲ್ಲೂ ಕಲಿತದ್ದಲ್ಲ.

ಸದ್ದಿನ ವಿಷಯವೂ ಹಾಗೆಯೇ. ನಾಟಕದ ಏಟು ಚಟ್ ಎಂದು ಹೊಳೆಯುವ ಸದ್ದು, ಕೊನೆಯ ಸಾಲಿನವರೆಗೂ ಹೋಗಬೇಕು. ಅದಕ್ಕೆ ಅಂಗೈಗೆ ಸ್ವಲ್ಪ ಪೌಡರು ಹಚ್ಚಿ ಒಣಗಿಸಿಕೊಳ್ಳಬೇಕು. ನಿಜವಾದ ಏಟಿಗೆ ಅಷ್ಟು ಸದ್ದಿಲ್ಲ. ಒದ್ದೆ ಟವೆಲ್ ನೆಲಕ್ಕೆ ಬಿದ್ದ ಹಾಗೆ ಇರುತ್ತದೆ. ತಿಂದವಳ ಕಿವಿಯೊಳಗೆ ಮಾತ್ರ ಅದು ದೊಡ್ಡದು. ಪಕ್ಕದ ಕೋಣೆಯಲ್ಲಿ ಇರುವವರು ಬೇಕಾದರೆ ಏನೋ ಬಿತ್ತು ಎಂದುಕೊಂಡು ಸುಮ್ಮನಿರಬಹುದು.

ಒಂದು ಸಂಜೆ ತಾಲೀಮು ಮುಗಿದ ಮೇಲೆ ಸೂಜಿ ನನ್ನ ಮೇಜಿನ ತುದಿಯಲ್ಲಿ ಬಂದು ಕುಳಿತಳು. ಕಣ್ಣು ಕೆಂಪಾಗಿತ್ತು.

"ಅಕ್ಕಾ, ನಾನ್ ಯಾಕೆ ತಡ ಮಾಡ್ತೀನಿ? ನೀನು ದಿನಾ ಇಲ್ಲಿಂದ ನೋಡ್ತೀಯಲ್ಲ."

ನಾನು ಜಲ್ಲಿಯ ಟ್ರೇಗೆ ಬಟ್ಟೆ ಮುಚ್ಚುತ್ತಿದ್ದೆ. ಹೇಳಬಾರದು ಎಂದುಕೊಂಡೇ ಹೇಳಿದೆ. "ಅವರ ಕೈ ನೋಡಬೇಡ. ಉಸಿರು ನೋಡು. ಕೈಗಿಂತ ಮೊದಲು ಉಸಿರು ಬರುತ್ತೆ."

ಅವಳು ನನ್ನನ್ನೇ ನೋಡಿದಳು. "ನಿಂಗೆ ಹೇಗೆ ಗೊತ್ತು?"

"ಎಲ್ಲೋ ಓದಿದ್ದೆ."

ಪುಸ್ತಕದ ಕಚೇರಿಯಲ್ಲಿ ಕೆಲಸ ಮಾಡುವುದರ ಅನುಕೂಲ ಇದು. ಏನು ಹೇಳಿದರೂ ಎಲ್ಲೋ ಓದಿದ್ದೆ ಎಂದರೆ ನಂಬುತ್ತಾರೆ. ಮರುದಿನ ಸೂಜಿ ಡಾಕ್ಟರ ಹತ್ತಿರ ಹಟ ಹಿಡಿದು ಆ ಉಸಿರನ್ನು ಕಲಿಸಿದಳು. ಮೂಗಿನಿಂದ, ಚುಟುಕಾಗಿ, ಕೈಗಿಂತ ಮೊದಲು. ಅಂದೇ ಏಟು ಕೂಡಿಬಂತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಾನು ಆ ಉಸಿರು ಕೇಳಿ ಮೇಜಿನ ಅಂಚು ಹಿಡಿದುಕೊಂಡಿದ್ದೆ. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

*

ನಾನು ಇರುವುದು ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಒಂದು ಕಿಟಕಿ, ಒಂದು ಮಂಚ, ಎರಡು ತಟ್ಟೆ. ಎರಡನೆಯ ತಟ್ಟೆ ಅಮ್ಮನದು. ಅಮ್ಮ ಊರಿನ ಇನ್ನೊಂದು ತುದಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ತಿಂಗಳಿಗೊಮ್ಮೆ ಬಂದು, ನನ್ನ ಕಿಟಕಿಯ ಧೂಳು ಒರೆಸಿ, ನಾನು ಸಣ್ಣಗಾಗಿದ್ದೇನೆ ಎಂದು ಹೇಳಿ ಹೋಗುತ್ತಾಳೆ. ಈ ಕೋಣೆಗೆ ಬರುವ ಮೊದಲು ನಾನು ಬೇರೆ ಮನೆಯಲ್ಲಿದ್ದೆ. ಎರಡು ವರ್ಷ ಗಂಡನ ಮನೆಯಲ್ಲಿ. ಅವನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವನು ಕೂಗುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಮೂಗಿನಿಂದ ಉಸಿರೆಳೆದುಕೊಳ್ಳುತ್ತಿದ್ದ.

ಅಮ್ಮ ಆ ಮನೆಗೆ ಒಮ್ಮೆ ಬಂದು ಎರಡು ದಿನ ಇದ್ದಳು. ಎರಡನೆಯ ದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದ ಮಲಗುವ ಕೋಣೆಯಲ್ಲಿ ಇಸ್ತ್ರಿಯಾದ ಅಂಗಿಗಳನ್ನು ಜೋಡಿಸುತ್ತಿದ್ದೆ. ಅವನು ಒಳಗೆ ಬಂದು ಒಂದು ಅಂಗಿಯ ಕಾಲರಿನ ಕಡೆ ಬೆರಳು ತೋರಿಸಿದ. ಏನೋ ಹೇಳಿದೆ. ಏಟು ಬಿತ್ತು. ಬಿದ್ದ ತಕ್ಷಣ, ಗೋಡೆಯಾಚೆ, ನಲ್ಲಿಯ ನೀರು ಜೋರಾಯಿತು. ಪೂರ್ತಿ ತಿರುಗಿಸಿದ ನಲ್ಲಿ. ಬಹಳ ಹೊತ್ತು ಹಾಗೆಯೇ ಸುರಿಯಿತು. ಆಮೇಲೆ ಅಮ್ಮ ಟೀ ಹಿಡಿದುಕೊಂಡು ಬಂದಳು.

"ಸಕ್ಕರೆ ಸಾಕಾ ನೋಡು," ಎಂದಳು. ನನ್ನ ಮುಖ ನೋಡಿದಳೋ ಇಲ್ಲವೋ ನೆನಪಿಲ್ಲ. ನಾನಂತೂ ಬಸಿಯನ್ನೇ ನೋಡುತ್ತಿದ್ದೆ.

ಮರುವರ್ಷ ನಾನು ಆ ಮನೆ ಬಿಟ್ಟು ಬಂದಾಗ ಅಮ್ಮ ಯಾಕೆ ಎಂದು ಕೇಳಲಿಲ್ಲ. ನೆಂಟರಿಗೆಲ್ಲ "ಹೊಂದಾಣಿಕೆ ಆಗಲಿಲ್ಲ" ಎಂದಳು. ಎಷ್ಟು ಅಚ್ಚುಕಟ್ಟಾದ ಮಾತು. ಇಬ್ಬರೂ ಒಂದೇ ಅಳತೆಯ ಮುಚ್ಚಳ, ಡಬ್ಬಿ ಆಗಿರಲಿಲ್ಲ ಅನ್ನುವ ಹಾಗೆ.

ಅಂದಿನಿಂದ ನನ್ನ ಹತ್ತಿರ ಉಳಿದದ್ದು ಒಂದೇ ಪ್ರಶ್ನೆ. ಅಂದು ಅವಳಿಗೆ ಕೇಳಿಸಿತ್ತೇ? ಬಾಯಿಬಿಟ್ಟು ಕೇಳಲಾರದೆ ಹೋದೆ. ಇಲ್ಲ ಎಂದರೆ ನಂಬಲಾರೆ, ಹೌದು ಎಂದರೆ ಸಹಿಸಲಾರೆ. ಅವಳು ಬಂದಾಗಲೆಲ್ಲ ಅವಳ ಮುಖವನ್ನು ಓದುತ್ತಿದ್ದೆ, ತಪ್ಪು ಹುಡುಕುವವಳ ಹಾಗೆ. ಅವಳು ನಲ್ಲಿ ತಿರುಗಿಸಿದರೆ ಸಾಕು, ನನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಅಮ್ಮ ಎದುರಿಗೆ ಕುಳಿತು ಊಟ ಮಾಡುತ್ತಿರುವಾಗಲೂ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದ ಹಾಗೆ ಇರುತ್ತಿತ್ತು.

ಹಾಗಾಗಿ ಅವಳನ್ನು ನಾಟಕಕ್ಕೆ ಕರೆದೆ. ಇದನ್ನು ಬೇರೆ ಮಾತಿನಲ್ಲಿ ಹೇಳಿ ಚಂದ ಮಾಡುವುದಿಲ್ಲ: ಅವಳನ್ನು ಕತ್ತಲಲ್ಲಿ ಕೂರಿಸಿ, ಆ ಸದ್ದನ್ನು ಕೇಳಿಸಿ, ಮುಖ ನೋಡಬೇಕೆಂದು ಕರೆದೆ.

"ನಾಟಕಾನಾ?" ಫೋನಿನಲ್ಲಿ ಅಮ್ಮನಿಗೆ ಅನುಮಾನ. "ನೀನು ಪಾತ್ರ ಮಾಡ್ತೀಯಾ?"

"ಇಲ್ಲ. ಸದ್ದು ಮಾಡ್ತೀನಿ."

"ಸದ್ದಾ? ಹುಟ್ಟಿದಾಗಿಂದ ನಿನ್ನ ಸದ್ದೇ ಕೇಳಿದ್ದಿಲ್ಲ ನಾನು. ಇದಕ್ಕೆ ಕಾಲೇಜು ಓದಬೇಕಿತ್ತೇನೇ?"

"ಭಾನುವಾರ ಮಧ್ಯಾಹ್ನ ಅಮ್ಮಾ. ಬೆಳಕಿರುವಾಗಲೇ ಮುಗಿಯುತ್ತೆ."

"ನೋಡ್ತೀನಿ. ನಿಮ್ಮಪ್ಪ ಇದ್ದಿದ್ರೆ ಬಿಡ್ತಿರಲಿಲ್ಲ. ಸೊಂಟ ಹಿಡ್ಕೊಂಡ್ರೆ ಮಧ್ಯದಲ್ಲಿ ಎದ್ದು ಬರ್ತೀನಿ, ಬೇಜಾರು ಮಾಡ್ಕೋಬೇಡ."

ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ ಎಂದು ಬೀದಿಯವರೆಲ್ಲ ಇವತ್ತಿಗೂ ಹೇಳುತ್ತಾರೆ.

ಆ ವಾರ ನಾನು ಕೋಣೆಯಲ್ಲಿ ನಿಜವಾದ ಸದ್ದನ್ನು ಹುಡುಕಿದೆ. ನಾಟಕದ ಹೊಳೆಯುವ ಸದ್ದಿಗೆ ಅಮ್ಮ ಯಾಕೆ ಬೆಚ್ಚಬೇಕು? ಅಂದು ಗೋಡೆ ದಾಟಿ ಹೋದದ್ದು ಅದಲ್ಲ. ದಿಂಬಿಗೆ ಹೊಡೆದು ನೋಡಿದೆ, ಮಡಿಸಿದ ಕಂಬಳಿಗೆ, ಮೊಣಕೈಗೆ. ಕೊನೆಗೆ ಬರಿಯ ತೊಡೆಗೆ ಅಂಗೈ ಅಗಲವಾಗಿ ಬಡಿದಾಗ ಅದು ಬಂತು. ಮತ್ತೆ ಬಡಿದೆ. ಮೆಟ್ಟಿಲಲ್ಲಿ ಸಿಕ್ಕ ಹೊಲಿಗೆ ಅಂಗಡಿಯ ಯಜಮಾನಿ ಕೇಳಿದಳು, "ನಿಮ್ಮ ರೂಮಲ್ಲೂ ಸೊಳ್ಳೆ ಕಾಟಾನಾ? ಪಟಪಟ ಹೊಡ್ಕೊಳ್ತಾ ಇರ್ತೀರ."

"ಹೌದು, ತುಂಬಾ," ಎಂದೆ.

*

ಭಾನುವಾರ ಅಮ್ಮ ಹೊತ್ತಿಗೆ ಮೊದಲೇ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಮೇಲೆ ಉಣ್ಣೆಯ ಸ್ವೆಟರು, ಕೈಯಲ್ಲಿ ಕಪ್ಪು ಚೀಲ. ಮೂರನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ನಾನೇ ಕೂರಿಸಿದೆ. ಸೈಡ್‌ವಿಂಗಿನ ಎರಡು ಕಪ್ಪು ಪರದೆಗಳ ನಡುವಿನ ಸೀಳಿನಿಂದ ಆ ಕುರ್ಚಿ ನೇರ ಕಾಣುತ್ತದೆ. ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದೆ. ರಂಗದ ಬೆಳಕು ಆ ಸಾಲಿನವರೆಗೂ ಅಷ್ಟಿಷ್ಟು ಚೆಲ್ಲುತ್ತದೆ.

"ಇಷ್ಟು ಮುಂದೆ ಯಾಕೆ? ನನ್ನ ಮೇಲೇ ಬೀಳ್ತಾರೆ," ಎಂದಳು ಅಮ್ಮ.

"ಬೀಳಲ್ಲ. ಕೂತ್ಕೋ."

ಮೊದಲ ದೃಶ್ಯ, ಎರಡನೆಯ ದೃಶ್ಯ. ಬಾಗಿಲ ಚಿಲಕ ಹಾಕಿದೆ, ಜಲ್ಲಿಯ ಮೇಲೆ ನಡೆಸಿದೆ, ಬಸಿಯ ಮೇಲೆ ಕಪ್ಪು ಇಟ್ಟೆ. ಎಲ್ಲ ಸರಿಯಾಗಿ ಬಿದ್ದವು. ಅಮ್ಮ ಒಮ್ಮೆ ನಕ್ಕಳು, ಒಮ್ಮೆ ಪಕ್ಕದವರಿಗೆ ಏನೋ ಕೇಳಿದಳು. ಮೂರನೆಯ ದೃಶ್ಯ ಶುರುವಾಯಿತು. ಸೂಜಿ ಬೀಗದಕೈ ಹುಡುಕುತ್ತ ಮೇಜಿನ ಕೆಳಗೆ ಬಗ್ಗಿದಳು. ಡಾಕ್ಟರು ಅಂಗಿಯ ತೋಳು ಮಡಿಸುತ್ತ ಒಳಗೆ ಬಂದರು. ನಾನು ಬಟ್ಟೆ ಸರಿಸಿ ತೊಡೆಯನ್ನು ಬರಿದುಮಾಡಿಕೊಂಡು ಬಲಗೈ ಎತ್ತಿ ನಿಂತೆ.

ನನ್ನ ಲೆಕ್ಕದಲ್ಲಿ ಒಂದು ದಡ್ಡತನವಿತ್ತು. ಇಷ್ಟು ವರ್ಷ ಆ ಮೇಜಿನ ಮುಂದೆ ನಿಂತವಳು ಮಾಡಬಾರದ ದಡ್ಡತನ. ಸದ್ದು ಮಾಡುವವಳು ಕೈಯನ್ನು ನೋಡಬೇಕು. ಕೈಯನ್ನು ನೋಡಿದರೆ ಅಮ್ಮನನ್ನು ನೋಡುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಮಾಡಲಾಗದು ಎಂದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ.

ನಾನು ಅಮ್ಮನನ್ನು ನೋಡಿದೆ.

ಡಾಕ್ಟರು ಮೂಗಿನಿಂದ ಉಸಿರೆಳೆದುಕೊಂಡದ್ದು ಕೇಳಿಸಿತು. ಕೈ ಇನ್ನೂ ಎದ್ದಿರಲಾರದು. ಮೂರನೆಯ ಸಾಲಿನಲ್ಲಿ ಎಲ್ಲರೂ ನೆಟ್ಟಗೆ ಕುಳಿತು ಮುಂದೇನು ಎಂದು ನೋಡುತ್ತಿದ್ದರು. ಅಮ್ಮನ ಗದ್ದ ಮಾತ್ರ ಹೆಗಲಿಗೆ ಹೋಗಿ ಸೇರಿತು. ಎಡ ಹೆಗಲು ಎದ್ದಿತು. ಕಣ್ಣು ಬಿಗಿಯಾಗಿ ಮುಚ್ಚಿತು. ಮಡಿಲಲ್ಲಿದ್ದ ಕಪ್ಪು ಚೀಲ ಎದೆಯವರೆಗೆ ಬಂದಿತ್ತು, ಅವಳಿಗೇ ಗೊತ್ತಿಲ್ಲದೆ.

ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಂಡವರು ಹಾಗೆ ಮಾಡುವುದಿಲ್ಲ.

ನನ್ನ ಕೈ ಮೇಲೆಯೇ ಉಳಿಯಿತು. ರಂಗದ ಮೇಲೆ ಡಾಕ್ಟರ ಕೈ ಹಾದುಹೋಗಿರಬೇಕು. ಸೂಜಿ ಬಿದ್ದದ್ದು ಹಲಗೆಯ ಮೇಲೆ ಕೇಳಿಸಿತು. ಅದಕ್ಕೆ ಮೊದಲು ಬರಬೇಕಾದ ಸದ್ದು ಬರಲಿಲ್ಲ. ಸಭಾಂಗಣ ಎಷ್ಟು ನಿಶ್ಶಬ್ದವಾಯಿತೆಂದರೆ ಫ್ಯಾನು ತಿರುಗುವುದು ಕೇಳುತ್ತಿತ್ತು. ಡಾಕ್ಟರು ಪಾಪ ತಮ್ಮ ಅಂಗೈಯನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ ಸೂಜಿ ನೆಲದಿಂದಲೇ ತನ್ನ ಮಾತು ಹೇಳಿದಳು. ನಾಟಕ ಮುಂದೆ ಹೋಯಿತು.

ಅಮ್ಮ ಕಣ್ಣು ಬಿಟ್ಟಳು. ಚೀಲವನ್ನು ಮಡಿಲಿಗೆ ಇಳಿಸಿದಳು. ಅಕ್ಕಪಕ್ಕ ನೋಡಿದಳು, ಯಾರಾದರೂ ನೋಡಿದರೇ ಎಂದು.

ಪರದೆ ಬಿದ್ದ ಮೇಲೆ ಮೇಷ್ಟ್ರು ನೇರ ನನ್ನ ಮೇಜಿಗೆ ಬಂದರು. "ಎಲ್ಲಿ ಹೋಗಿತ್ತಮ್ಮಾ ಸದ್ದು? ನಿದ್ದೆ ಬಂತಾ?"

"ತಪ್ಪಾಯ್ತು ಮೇಷ್ಟ್ರೇ."

"ಒಂದೇಟು ತಾಯಿ, ಇರೋದೇ ಒಂದೇಟು."

ಅಷ್ಟರಲ್ಲಿ ಹಳೆಯ ನಟರೊಬ್ಬರು ಒಳಗೆ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಆ ಮೌನ ಇದೆಯಲ್ಲ ಸಾರ್, ಏಟಿಗೆ ಸದ್ದೇ ಇಲ್ಲ. ಮೈ ಜುಂ ಅಂತು. ಎಂಥ ಯೋಚನೆ!"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹೂಂ, ಒಂದು ಪ್ರಯೋಗ ಮಾಡಿ ನೋಡಿದ್ವಿ."

ಸೂಜಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಗಲು ಆಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

*

ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನಲ್ಲಿ ನಾವಿಬ್ಬರೇ ಕುಳಿತಿದ್ದೆವು. ಬಿಸಿಲು ಇಳಿದಿತ್ತು. ಎದುರಿನ ಪೀಠೋಪಕರಣದ ಅಂಗಡಿಯವನು ಹೊರಗಿಟ್ಟಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಆ ಹುಡುಗಿ ಚೆನ್ನಾಗಿ ಮಾಡಿದಳು," ಎಂದಳು ಅಮ್ಮ. "ಒಂಚೂರು ತಿನ್ನಬೇಕು. ಗಾಳಿಗೆ ಹಾರಿಹೋಗೋ ಹಾಗಿದಾಳೆ."

"ಹೂಂ."

"ಸದ್ದೆಲ್ಲ ನೀನೇ ಮಾಡೋದು ಅಂದಿದ್ದೆ. ಬಾಗಿಲು ಎಲ್ಲಾ ನಿಜವಾಗಿಯೇ ಹಾಕಿದ ಹಾಗಿತ್ತು." ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಅಲ್ಲೊಂದು ಕಡೆ ಮಾಡಲಿಲ್ಲ," ಎಂದಳು.

"ತಪ್ಪಿಹೋಯ್ತು. ನಿನ್ನ ನೋಡ್ತಿದ್ದೆ."

"ನನ್ನನ್ನೇನು ನೋಡೋದು? ನಾಟಕ ಮಾಡೋರು ಆ ಕಡೆ ಇದ್ರಲ್ಲ."

ನಾನು ಎಷ್ಟೋ ವರ್ಷದಿಂದ ಒಂದು ಪ್ರಶ್ನೆಯನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆಯದು.

"ಅಮ್ಮಾ, ಅಪ್ಪ ನಿನಗೆ ಹೊಡೀತಿದ್ರಾ?"

ಅಮ್ಮ ಚೀಲದ ಜಿಪ್ಪು ಎಳೆದಳು, ಒಳಗೆ ಏನನ್ನೋ ನೋಡಿದಳು, ಮುಚ್ಚಿದಳು. "ನಿಮ್ಮಪ್ಪ ಸಾಧು ಮನುಷ್ಯ. ಯಾರನ್ನ ಬೇಕಾದ್ರೂ ಕೇಳು."

"ನಿನ್ನನ್ನೇ ಕೇಳ್ತಿದೀನಿ."

"ಕೇಳೋದಕ್ಕೆ ರಸ್ತೆಯೇ ಬೇಕಿತ್ತಾ ನಿನಗೆ?"

ಬೇರೆ ಯಾವುದೋ ಬಸ್ಸು ಬಂತು. ಯಾರೂ ಇಳಿಯಲಿಲ್ಲ, ಹೋಯಿತು. ಅದು ತಿರುವು ದಾಟುವವರೆಗೂ ಅಮ್ಮ ಅದನ್ನೇ ನೋಡಿದಳು. ಆಮೇಲೆ ಅಂಗಡಿಯ ಕುರ್ಚಿಗಳ ಕಡೆ ನೋಡುತ್ತ ಮಾತಾಡಿದಳು.

"ಬಚ್ಚಲಿಗೆ ಹೋಗಿ ಮೊದಲು ನಲ್ಲಿ ಬಿಡ್ತಿದ್ದೆ. ಅವರು ಹಿಂದೆ ಬರ್ತಿದ್ರು. ನೀರಿನ ಸದ್ದಲ್ಲಿ ನಿಮಗಿಬ್ಬರಿಗೂ ಕೇಳಿಸ್ತಿರಲಿಲ್ಲ. ಕೇಳಿಸ್ತಿತ್ತಾ?"

"ಇಲ್ಲ."

"ಅಷ್ಟು ಸಾಕಿತ್ತು ನನಗೆ."

ನಮ್ಮ ಮನೆಯಲ್ಲಿ ಒಂದು ತಮಾಷೆ ಇತ್ತು. ಅಮ್ಮನಿಗೆ ಶುಚಿಯ ಹುಚ್ಚು, ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲು ತೊಳೆಯುತ್ತಾಳೆ, ನೀರಿನ ಬಿಲ್ಲಿನಲ್ಲೇ ಮನೆ ಮುಳುಗುತ್ತದೆ ಎಂದು. ಅಪ್ಪನೇ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದರು. ನಾನೂ ತಮ್ಮನೂ ಶಾಲೆಯ ಗೆಳೆಯರಿಗೆ ಹೇಳಿ ನಗುತ್ತಿದ್ದೆವು.

"ಆವತ್ತು, ನನ್ನ ಮನೇಲಿ?" ಎಂದೆ.

ಯಾವತ್ತು ಎಂದು ಅಮ್ಮ ಕೇಳಲಿಲ್ಲ.

"ಕೈ ತಾನಾಗೇ ನಲ್ಲಿಗೆ ಹೋಯ್ತು ಕಣೇ. ಪಕ್ಕದ ಮನೆಯವರಿಗೆ ಗೊತ್ತಾದರೆ ನಿನಗೆ ಅವಮಾನ ಅಂತಲೋ ಏನೋ. ನಲ್ಲಿ ನಿಲ್ಲಿಸಿ ಒಳಗೆ ಬರಬೇಕಿತ್ತು. ಬರೋಣ ಅಂತಲೇ ನಿಂತಿದ್ದೆ. ಕಾಲು ಬರಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಆಮೇಲೆ ಟೀಗೆ ಇಟ್ಟೆ."

ಇದಕ್ಕೆ ಏನು ಹೇಳಬೇಕೆಂದು ನಾನು ಹಿಂದೆಲ್ಲ ಸಾವಿರ ಸಲ ಅಭ್ಯಾಸ ಮಾಡಿದ್ದೆ. ಬೈಯುವ ಮಾತು, ಕ್ಷಮಿಸುವ ಮಾತು, ಎರಡೂ ಇದ್ದವು. ಒಂದೂ ಅಲ್ಲಿಗೆ ಹೊಂದಲಿಲ್ಲ. ಅವಳು ಗೋಡೆಯಾಚೆ ನಿಂತದ್ದು ಒಂದು ಮಧ್ಯಾಹ್ನ. ನಾನು ಒಂದು ಬಾಲ್ಯ ಪೂರ್ತಿ ಗೋಡೆಯಾಚೆ ಹೋಂವರ್ಕ್ ಬರೆಯುತ್ತ ಕುಳಿತಿದ್ದೆ.

"ಇವತ್ತು ನನ್ನ ರೂಮಲ್ಲೇ ಇರು ಅಮ್ಮಾ."

"ನಿನ್ನ ತಮ್ಮನ ಮಗೂಗೆ ನಾಳೆ ಪರೀಕ್ಷೆ. ನಾನಿಲ್ಲದಿದ್ರೆ ಅದು ಪುಸ್ತಕ ಮುಟ್ಟಲ್ಲ. ಅವನು ಆಗಲೇ ಎರಡು ಸಲ ಫೋನ್ ಮಾಡಿದಾನೆ."

ಅವನಿಗೆ ಹೇಳಬೇಡ ಎಂದು ಅವಳು ಹೇಳಲಿಲ್ಲ. ಹೇಳುವುದಿಲ್ಲವೆಂದು ನಾನೂ ಹೇಳಲಿಲ್ಲ. ಅವಳ ಬಸ್ಸು ಬಂತು. ಮೆಟ್ಟಿಲು ಹತ್ತಲು ಮೊಣಕೈ ಹಿಡಿದುಕೊಂಡೆ. ಸ್ವೆಟರಿನೊಳಗೆ ತೋಳು ನಾನು ಎಣಿಸಿದ್ದಕ್ಕಿಂತ ತೆಳ್ಳಗಿತ್ತು. ಮೇಲಿನ ಮೆಟ್ಟಿಲಲ್ಲಿ ತಿರುಗಿದಳು.

"ಮುಂದಿನ ವಾರವೂ ಇದೆಯಾ ನಾಟಕ?"

"ಇದೆ."

"ಸದ್ದು ಮಾಡು. ಮಾಡದಿದ್ರೆ ಜನಕ್ಕೆ ಹೇಗೆ ಗೊತ್ತಾಗಬೇಕು?"

ಅವಳಿಗೆ ಸಿಕ್ಕಿದ ಜಾಗ ಆಚೆ ಬದಿಯದು. ಬಸ್ಸು ಹೊರಟಾಗ ಅವಳ ಮುಖ ಕಾಣಲಿಲ್ಲ, ಪಕ್ಕದವನ ಟೋಪಿ ಕಂಡಿತು.

ನಾನು ನಡೆದೇ ಕೋಣೆಗೆ ಹೋದೆ. ಒಳಗೆ ಕಾಲಿಟ್ಟಾಗ ಹಗುರವಾಗಬೇಕಿತ್ತು, ಪ್ರಶ್ನೆ ಇರಲಿಲ್ಲವಲ್ಲ. ಆದರೆ ಅದು ಇಷ್ಟು ವರ್ಷ ಕೋಣೆಯಲ್ಲಿ ನನ್ನ ಜೊತೆಗಿತ್ತು. ಅದೂ ಹೋದ ಮೇಲೆ ಮಂಚ, ಕಿಟಕಿ, ಎರಡು ತಟ್ಟೆ. ಅಷ್ಟೇ ಉಳಿದವು.

*

ಮುಂದಿನ ಪ್ರದರ್ಶನದ ದಿನ ಮೇಷ್ಟ್ರು ಎಲ್ಲರನ್ನೂ ರಂಗದ ಮೇಲೆ ಕರೆದರು.

"ಏಟಿಗೆ ಸದ್ದು ಬೇಡ. ಮೌನವನ್ನೇ ಇಟ್ಕೊಳ್ಳೋಣ. ಎಲ್ಲರೂ ಅದನ್ನೇ ಹೊಗಳಿದಾರೆ."

"ಬೇಡ ಮೇಷ್ಟ್ರೇ," ಎಂದೆ.

ಆ ತಂಡದಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು. ಮೇಷ್ಟ್ರು ಕನ್ನಡಕ ತೆಗೆದರು. "ಯಾಕಮ್ಮಾ? ನಿನ್ನ ತಪ್ಪಿಂದಲೇ ಸಿಕ್ಕ ಮೌನ ಅದು. ಚೆನ್ನಾಗಿದೆ ಅಂತಿದೀನಿ."

"ಚೆನ್ನಾಗಿದೆ. ಆದರೆ ಸದ್ದಿಲ್ಲದಿದ್ರೆ ಅವಳು ಎಡವಿ ಬಿದ್ದ ಹಾಗಾಗುತ್ತೆ. ಪಕ್ಕದ ಮನೆಯವರು ಕೇಳಿದ್ರೆ ಅವಳು ಹೇಗೂ ಎಡವಿ ಬಿದ್ದೆ ಅಂತಾನೇ ಹೇಳ್ತಾಳೆ. ನಾವೂ ಅದನ್ನೇ ಹೇಳೋದು ಬೇಡ."

ಸೂಜಿ ನನ್ನನ್ನು ನೋಡುತ್ತಿದ್ದಳು, ಎಲ್ಲೋ ಓದಿದ್ದೆ ಎಂದ ದಿನ ನೋಡಿದ ಹಾಗೆ. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ. ಅವಳೇ ತಲೆ ತಗ್ಗಿಸಿದಳು.

ಡಾಕ್ಟರು ನಿಧಾನವಾಗಿ ಹೇಳಿದರು, "ನನಗೂ ಸದ್ದು ಬೇಕು ಮೇಷ್ಟ್ರೇ. ಆವತ್ತು ಸದ್ದು ಬರದಿದ್ದಾಗ, ನಾನು ಏನೂ ಮಾಡೇ ಇಲ್ಲ ಅನ್ನಿಸ್ತು. ಹಾಯಾಗಿತ್ತು. ಹಾಯಾಗಿರಬಾರದು."

"ಸರಿ ಸರಿ. ಬಹುಮತ," ಎಂದರು ಮೇಷ್ಟ್ರು, ಬೇಸರದಿಂದ.

ಅಂದು ಮೂರನೆಯ ದೃಶ್ಯದಲ್ಲಿ ನಾನು ಕೈಯನ್ನೇ ನೋಡಿದೆ. ಉಸಿರು ಬಂತು, ನನ್ನ ಗದ್ದ ಹೆಗಲಿಗೆ ಹೋಯಿತು, ಆದರೂ ಕಣ್ಣು ಮುಚ್ಚದೆ ನೋಡಿದೆ. ಕೈ ಕೆನ್ನೆಯ ಹತ್ತಿರ ಬಂದಾಗ ತೊಡೆಗೆ ಬಡಿದೆ. ಹೊಳೆಯುವ ಸದ್ದಲ್ಲ, ಇನ್ನೊಂದು. ಐದಾರು ಸಾಲಿನ ಆಚೆ ಅದು ಹೋಗಿರಲಾರದು. ಹಿಂದೆ ಯಾರೋ "ಏನಾಯ್ತು?" ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. ಮುಂದಿನ ಸಾಲುಗಳಲ್ಲಿ ಯಾರೂ ಕದಲಲಿಲ್ಲ. ಮೂರನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ಯಾರಿದ್ದರೋ ನೋಡಲಿಲ್ಲ. ಕೆಳಗೆ ಬಿದ್ದಿದ್ದ ಸೂಜಿ ನಾಟಕದಲ್ಲಿಲ್ಲದ ಒಂದು ಕೆಲಸ ಮಾಡಿದಳು: ತಲೆಯೆತ್ತಿ ಸೈಡ್‌ವಿಂಗಿನ ಕತ್ತಲ ಕಡೆ, ನಾನಿದ್ದ ಕಡೆ, ಒಂದು ಕ್ಷಣ ನೋಡಿದಳು. ಆಮೇಲೆ ತನ್ನ ಮಾತು ಹೇಳಿದಳು.

ತೊಡೆ ಉರಿಯುತ್ತಿತ್ತು. ಮುಂದಿನ ಸದ್ದು ಟೆಲಿಫೋನಿನದು. ಆ ಹೆಂಡತಿಯ ತವರಿನಿಂದ ಬರುವ ಕರೆ. ಅವಳು ಎತ್ತುವುದಿಲ್ಲ ಎಂದು ನಾಟಕದಲ್ಲಿದೆ. ನಾನು ಗಂಟೆಯನ್ನು ಹತ್ತಿರ ಎಳೆದುಕೊಂಡು, ದೀಪ ಆರುವವರೆಗೂ ಬಾರಿಸುತ್ತಲೇ ಇದ್ದೆ.